ಮಗಳ ಮೊದಲ ‘ಅಲ್ಲ’

ನನ್ನ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಎಪ್ಪತ್ತರ ದಶಕದ ಕೊನೆ ಅದು. ಇಳಕಲ್ಲಿನ ನಮ್ಮ ಮನೆಯಲ್ಲಿ ಗಂಡ ಸೀರೆ ನೇಯುತ್ತಿದ್ದರು, ಅತ್ತೆ ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದರು. ಮಗಳು ನೀರಿನ ಕೊಡದತ್ತ ನೋಡಿದರೆ ಸಾಕು, ನಾನು ಲೋಟ ತುಂಬಿ ಕೊಡುತ್ತಿದ್ದೆ. ಓಣಿಯ ಹೆಂಗಸೊಬ್ಬಳು “ಕೂಸು ಮೂಗಿ ಏನ್ರಿ?” ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಬಾಗಲಕೋಟೆಯ ಡಾಕ್ಟರು ಅವಳ ಬೆನ್ನ ಹಿಂದೆ ಗಂಟೆ ಬಾರಿಸಿ ನೋಡಿ, “ಕಿವಿ ಛಲೋ ಅದಾವ. ಮನ್ಯಾಗ ಭಾಳ ಮಾತಾಡಸ್ರಿ” ಎಂದು ಕಳಿಸಿದರು.

ಓದುಬರಹ ಬಾರದ ಅತ್ತೆಗೆ ಆ ಮಾತಿನ ಅರ್ಥ ನನಗಿಂತ ಬೇಗ ತಿಳಿಯಿತು. “ಕೂಸು ಕೇಳೂದ್ರೊಳಗ ನೀನ ಕೊಟ್ಟಬಿಡ್ತಿ. ಆಕಿ ಬಾಯಿ ಯಾಕ ತೆರೀಬೇಕು? ಸ್ವಲ್ಪ ತಡಿ” ಎಂದರು. ನನಗೆ ಸಿಟ್ಟು ಬಂತು. ಆದರೂ ಕೊಡುವ ಕೈ ತಡೆದೆ.

ಅಂದಿನಿಂದ ಅತ್ತೆ ಅವಳನ್ನು ರಾಟಿಯ ಪಕ್ಕದಲ್ಲೇ ಕೂರಿಸಿಕೊಂಡರು. “ಇದು ಕೆಂಪು ಲಡಿ, ನಿನ್ನ ಲಂಗದ ಬಣ್ಣ” ಎಂದು ನೂಲಿನ ಸುರುಳಿ ತೋರಿಸುವರು. ನರಿಯ ಕಥೆ ಹೇಳುತ್ತ ನಡುವೆ ನಿಲ್ಲಿಸಿ, “ಮುಂದ ಏನಾತು? ಆಯಿಗ ಹೇಳು” ಎಂದು ಅವಳ ಮುಖ ನೋಡುತ್ತ ಕಾಯುವರು. ಅವಳು ನಗುತ್ತಿದ್ದಳು, ಕೈ ಆಡಿಸುತ್ತಿದ್ದಳು, ಅಷ್ಟೇ. ಒಂದು ಮಳೆಗಾಲ ಹೀಗೇ ಕಳೆಯಿತು.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ, “ಈಗ ಈ ಹಸರ ಲಡಿ ಹಚ್ಚೂನು” ಎಂದದ್ದು ಕೇಳಿಸಿತು.

“ಅಲ್ಲ ಆಯಿ. ನೀಲಿ.”

ಹಿಟ್ಟಿನ ಕೈಯಲ್ಲೇ ಓಡಿಹೋಗಿ ಮಗಳನ್ನು ಅಪ್ಪಿಕೊಂಡೆ. ಅತ್ತೆ ಮಾತ್ರ ಲಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

“ಬೇಕಂತನ ತಪ್ಪ ಹೇಳಿದ್ರಿ ಹೌದಲ್ರಿ, ಅತ್ತಿ?” ಎಂದೆ.

“ಇಲ್ಲವ್ವಾ,” ಎಂದರು ಮೆಲ್ಲಗೆ. “ನನಗ ಹಸರನ ಕಾಣಾಕತ್ತೈತಿ.”

ಅವರ ಎರಡೂ ಕಣ್ಣಿಗೆ ಪೊರೆ ಬಂದು ನೀಲಿ ಹಸಿರಾಗಿ ಕಾಣುತ್ತಿತ್ತು. ಕೆಲಸ ಬಿಡಿಸಿಯಾರೆಂಬ ಅಂಜಿಕೆಗೆ ಯಾರಿಗೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಬಾಗಲಕೋಟೆಯ ದವಾಖಾನೆಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಮರಳುವಾಗ ಬಸ್ಸಿನಲ್ಲಿ ಮಗಳು, ಕಣ್ಣಿಗೆ ಪಟ್ಟಿ ಕಟ್ಟಿದ್ದ ಆಯಿಗೆ ಒರಗಿ ಕೂತು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳತೊಡಗಿದಳು: ಕುರಿ, ಬಂಡಿ, ಜೋಳದ ಹೊಲ. ಹೆಸರು ಗೊತ್ತಿಲ್ಲದ್ದಕ್ಕೆ ತಾನೇ ಒಂದು ಹೆಸರಿಟ್ಟಳು. ತಿದ್ದಲೆಂದು ನಾನು ಬಾಯಿ ತೆರೆದರೆ, ಅತ್ತೆ ನನ್ನ ಮೊಣಕೈ ಒತ್ತಿದರು. ಊರಿಗೆ ಹತ್ತಿರದ ಹುನಗುಂದ ದಾಟಿದರೂ ಅವಳ ಮಾತು ಮುಗಿದಿರಲಿಲ್ಲ.