ಬನ್ನಿ ಹಬ್ಬಕ್ಕೆ ಬಂದ ಬಾತುಗಳು

ನಮ್ಮ ಸಣ್ಣಜ್ಜ ಫಕೀರಪ್ಪನ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಇಂಗ್ಲಿಷರ ಕಾಲದಲ್ಲಿ ಧಾರವಾಡದಿಂದ ಪುಣೆಗೆ ಬಂದವನು, ಎಲ್ಲರಂತೆ ಅಂಗಡಿ ಸೇರದೆ, ತಳೇಗಾಂವದ ಹಾದಿಯಲ್ಲಿದ್ದ ರಾಧಾಬಾಯಿಯವರ ಕೆರೆ ಕಾಯಲು ನಿಂತ. ಕೆರೆ ಕಾಯುವುದೆಂದರೆ ಹಕ್ಕಿ ಕಾಯುವುದು. ತಮ್ಮ ನೀರಿನ ಮೇಲೆ ಗುಂಡು ಹಾರಕೂಡದೆಂದು ಆ ವಿಧವೆ ಕಟ್ಟಪ್ಪಣೆ ಮಾಡಿದ್ದರು. ಮಳೆ ಹಿಂದಾದ ಮೇಲೆ ಬಡಗಣ ದಿಕ್ಕಿನಿಂದ ದೊಡ್ಡ ಬಾತುಗಳು ಬರುತ್ತಿದ್ದವು, ಬಿಳಿ ತಲೆಯ ಮೇಲೆ ಎರಡು ಕರಿಪಟ್ಟೆ. ನಸುಕಿನಲ್ಲಿ ಏರಿಯ ಮೇಲೆ ಕೂತು ಅವುಗಳ ದಾರಿ ನೋಡುವುದು, ಕಂಡೊಡನೆ ಸುದ್ದಿ ಹೇಳಲು ಅವರ ವಾಡೆಗೆ, ಆ ದೊಡ್ಡ ಮನೆಗೆ, ಓಡುವುದು. ಇದೂ ಒಂದು ನೌಕರಿಯೇ ಎಂದು ಮನೆಯಲ್ಲಿ ನಗುತ್ತಿದ್ದೆವು.

ರಾಧಾಬಾಯಿಯವರ ತವರು ಬೆಳಗಾವಿ. ಅವನ ಕೂಡ ಕನ್ನಡದಲ್ಲೇ ಮಾತು. "ಫಕೀರಪ್ಪಾ, ನಮ್ಮ ಬೀಗರು ಬಂದ್ರೇನು?" ಎಂದು ಬಾತುಗಳ ಸುದ್ದಿ ಕೇಳುತ್ತಿದ್ದರು.

ಒಂದು ವರ್ಷ ಬಾತುಗಳು ದಸರೆಯ ದಿನವೇ ಇಳಿದವು. ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅನ್ನುವ ದಿನ. ಹಗೆಯವನಿಗೂ ಬನ್ನಿ ಕೊಡಬೇಕು, ಒಳ್ಳೆಯ ಮಾತೇ ಆಡಬೇಕು. ಸುದ್ದಿ ಹೇಳಲು ಓಡಿಬಂದ ಸಣ್ಣಜ್ಜನಿಗೆ ವಾಡೆಯ ಅಂಗಳದಲ್ಲಿ ಮೊದಲು ಎದುರಾದವನು ರಾಧಾಬಾಯಿಯವರ ಮೈದುನನ ಮಗ ಮಾರ್ತಾಂಡ. ಹಿಂದಿನ ದಿನವಷ್ಟೇ ಬಂದೂಕಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದ. ಸಣ್ಣಜ್ಜ ಅವನ ಕೈಗೆ ಬನ್ನಿ ಕೊಟ್ಟು, "ಹಕ್ಕಿ ಬಂದಾವ್ರಿ ಧಣಿ, ಭಾಳ ಬಂದಾವ್ರಿ!" ಎಂದುಬಿಟ್ಟ.

ಸಂಜೆ ಊರ ಸೀಮೆ ದಾಟುವ ಹಬ್ಬದ ಶಾಸ್ತ್ರಕ್ಕೆಂದು ಹೊರಟ ಮಾರ್ತಾಂಡ ಗೆಳೆಯರೊಡನೆ ನೇರ ಕೆರೆಗೆ ಹೋದ. ಕತ್ತಲಾಗುವತನಕ ಗುಂಡು ಹಾರಿದವು. ತಡೆಯಲು ಹೋದ ಸಣ್ಣಜ್ಜನನ್ನು ಆಚೆ ನೂಕಿದರು.

ರಾಧಾಬಾಯಿ ಬಯ್ಯಲಿಲ್ಲ. "ಒಂದು ಮಾತು ಹೊಟ್ಟ್ಯಾಗ ಇಟ್ಕೊಳ್ಳಾಕ ಆಗಲಿಲ್ಲಲ್ಲೋ," ಎಂದರಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಎಷ್ಟೋ ವರ್ಷ ಬಾತುಗಳು ಆ ಕೆರೆಗೆ ಇಳಿಯಲಿಲ್ಲ. ಸಣ್ಣಜ್ಜ ಏರಿಯ ಮೇಲೆ ಕೂರುವುದನ್ನು ಬಿಡಲಿಲ್ಲ, ಮಾತು ಬಿಟ್ಟ. ಅಂಥ ಮಾತುಗಾರ ಮನೆಯಲ್ಲಿ ಸುಮ್ಮನೆ ಉಂಡು ಏಳುತ್ತಿದ್ದ.

ರಾಧಾಬಾಯಿ ಹಾಸಿಗೆ ಹಿಡಿದ ವರ್ಷ, ದಸರೆ ಕಳೆದ ಮೇಲೆ, ಬಾತುಗಳು ತಿರುಗಿ ಬಂದವು. ಸಣ್ಣಜ್ಜ ಆ ವಯಸ್ಸಿನಲ್ಲೂ ಓಡಿದ. ಹಾಸಿಗೆಯ ಪಕ್ಕದಲ್ಲಿ ಮಾರ್ತಾಂಡ ಕೂತಿದ್ದ.

"ಬಂದ್ರೇನು, ಫಕೀರಪ್ಪಾ?" ರಾಧಾಬಾಯಿ ಕಷ್ಟಪಟ್ಟು ಕೇಳಿದರು.

ಸಣ್ಣಜ್ಜ ಮಾರ್ತಾಂಡನ ಮುಖ ನೋಡಿದ. "ಇಲ್ರಿ, ಬಾಯಿಸಾಹೇಬ್ರ," ಎಂದ.

ಅವರು ಗೋಡೆಯ ಕಡೆ ಹೊರಳಿದರು. ಮಾರ್ತಾಂಡ ಇಲ್ಲದ ಹೊತ್ತು ನೋಡಿ ನಿಜ ಹೇಳಿದರಾಯಿತೆಂದು ಸಣ್ಣಜ್ಜ ಮರುದಿನ ಬೆಳಿಗ್ಗೆ ಹೋದ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.