ಐದು ಗೋಡಂಬಿಯ ಕೇಕು

ಆಗಿನ್ನೂ ನಮ್ಮ ಓಣಿಯಲ್ಲಿ ಒಬ್ಬರ ಮನೆಗೂ ಓವನ್ ಬಂದಿರಲಿಲ್ಲ. ಕ್ರಿಸ್‌ಮಸ್ ಕೇಕು ಬೇಯುತ್ತಿದ್ದುದು ಮರಳಿನ ಶಾಖದಲ್ಲಿ. ದೊಡ್ಡ ಅಲ್ಯುಮಿನಿಯಂ ಡಬರಿಯ ತಳಕ್ಕೆ ಮರಳು ಹರಡಿ, ಹಿಟ್ಟು ತುಂಬಿದ ಹಾಲುಪುಡಿಯ ಡಬ್ಬ ಇಟ್ಟು, ತಟ್ಟೆ ಮುಚ್ಚಿ, ಅದರ ಮೇಲೂ ಕೆಂಡ ಸುರಿದರೆ ಆಯಿತು. ಮಿಕ್ಕಿದ್ದೆಲ್ಲ ಅಜ್ಜಿಯ ಅಂದಾಜು.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಓಣಿ ನಮ್ಮದು. ಗೂಡು ಬೇಯುವ ವಾಸನೆಗೆ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ವರ್ಷಕ್ಕೆ ಒಂದು ವಾರ ಮಾತ್ರ ನಮ್ಮ ಮನೆಯ ಲವಂಗ, ಚಕ್ಕೆ, ಸುಟ್ಟ ಸಕ್ಕರೆಯ ವಾಸನೆ ಅದನ್ನು ಗೆದ್ದುಬಿಡುತ್ತಿತ್ತು. ಆ ವಾರ ಎದುರು ಮನೆಯ ನಸ್ರೀನ್ ಕುಂಟೆಬಿಲ್ಲೆ ಆಡುವುದನ್ನೂ ಬಿಟ್ಟು ನಮ್ಮ ಜಗಲಿಯಲ್ಲೇ ಕೂತಿರುತ್ತಿದ್ದಳು.

ಅಜ್ಜಿ ಒಂದಲ್ಲ, ಎರಡು ಕೇಕು ಮಾಡುತ್ತಿದ್ದಳು. ನವೆಂಬರಿನಲ್ಲೇ ಎರಡು ಜಾಡಿಗಳಲ್ಲಿ ಒಣದ್ರಾಕ್ಷಿ, ಖರ್ಜೂರ ನೆನೆಹಾಕುತ್ತಿದ್ದಳು. ನಮ್ಮ ಮನೆಯ ಜಾಡಿಗೆ ರಮ್ಮು. ನಸ್ರೀನಳ ಮನೆಯವರ ಜಾಡಿಗೆ ಕಪ್ಪು ದ್ರಾಕ್ಷಿ ಹಿಂಡಿದ ರಸ. ಅವರು ಮುಸ್ಲಿಮರು, ಮದ್ಯ ಮುಟ್ಟುವವರಲ್ಲ. ಮೊದಲ ವರ್ಷ ನಸ್ರೀನಳ ತಾಯಿ ಜಬೀನಾ ಚಾಚಿಗೆ ಅಜ್ಜಿ ಹೇಳಿದ್ದಳಂತೆ, "ನಿಮ್ಮದು ಬ್ಯಾರೆ ಜಾಡಿ ಕಣವ್ವ. ನನ್ ಮ್ಯಾಲೆ ಬುಡು." ಅಷ್ಟೇ. ಆಮೇಲೆ ಆ ಮನೆಯವರು ಕೇಕಿಗೆ ಏನು ಹಾಕಿದ್ದೀರೆಂದು ಒಂದು ಸಲವೂ ಕೇಳಿದವರಲ್ಲ.

ಬೇಯಿಸುವುದರಲ್ಲೂ ಅಜ್ಜಿಯದು ಕಟ್ಟುನಿಟ್ಟು. ಮೊದಲು ಅವರದು, ಆಮೇಲೆ ನಮ್ಮದು. ಕೇಕು ಅರ್ಧ ಬೆಂದಾಗ ತಟ್ಟೆ ಸರಿಸಿ ಅವರ ಕೇಕಿನ ಮೇಲೆ ಐದು ಗೋಡಂಬಿ ಇಡುತ್ತಿದ್ದಳು. ಹಸಿ ಹಿಟ್ಟಿಗೆ ಹಾಕಿದರೆ ಮುಳುಗಿಹೋಗುತ್ತವೆ. ನಮ್ಮದರ ಮೇಲೆ ಏನೂ ಇಡುತ್ತಿರಲಿಲ್ಲ, ಅದೇ ಗುರುತು. ಆದರೆ ಮಕ್ಕಳ ಮುಂದೆ ರಮ್ಮಿನ ಮಾತೇ ಎತ್ತಕೂಡದೆಂಬುದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಗುರುತಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನನಗೆ ಕಾಣುತ್ತಿದ್ದುದು ಒಂದೇ: ಅವರಿಗೆ ಐದು ಗೋಡಂಬಿ, ನಮಗೆ ಸೊನ್ನೆ! ನನಗೆ ಹತ್ತು ವರ್ಷ. ಹೊಟ್ಟೆ ಉರಿದುಹೋಗುತ್ತಿತ್ತು.

ಆ ವರ್ಷ ನಮ್ಮ ಕೇಕು ಒಲೆಯ ಮೇಲೆ ಅರ್ಧ ಬೆಂದಿದ್ದಾಗ ಬೀದಿ ನಲ್ಲಿಯಲ್ಲಿ ನೀರು ಬಂತು. "ಸೆಲೀ, ಕೆಂಡ ನೋಡ್ಕೊ, ಈಗ್ ಬತ್ತೀನಿ" ಎಂದು ಅಜ್ಜಿ ಕೊಡ ಎತ್ತಿಕೊಂಡು ಓಡಿದಳು. ನಾನು ಗೋಣಿಚೀಲದ ತುಂಡು ಹಿಡಿದು ತಟ್ಟೆಯನ್ನು ಒಸಿ ಸರಿಸಿದೆ. ಐದು ಗೋಡಂಬಿ ಎಣಿಸಿ ಇಟ್ಟೆ. ಬೆರಳು ಸುಟ್ಟಿತು, ತುಟಿ ಪಿಟಕ್ಕೆನ್ನಲಿಲ್ಲ. ನ್ಯಾಯ ಮಾಡಿದೆನೆಂಬ ಜಂಬ ಬೇರೆ.

ಸಂಜೆ ಅಜ್ಜಿ ಯೇಸು ಹುಟ್ಟಿದ ಗೋದಲಿ ಕಟ್ಟಲು ಚರ್ಚಿಗೆ ಹೋಗಿದ್ದರಿಂದ ಡಬರಿ ಇಳಿಸಿದ್ದು ಅಪ್ಪ. ಅಪ್ಪನಿಗೆ ತಿನ್ನುವುದು ಬಿಟ್ಟು ಕೇಕಿನ ಬೇರೆ ಯಾವ ವಿಚಾರವೂ ಗೊತ್ತಿಲ್ಲ. ನಮ್ಮದನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಆಗಲೇ ಸುತ್ತಿಟ್ಟಿದ್ದ ಅವರ ಕೇಕಿನ ಪಕ್ಕ ಟ್ರಂಕಿನಲ್ಲಿಟ್ಟ. ಮೂರು ದಿನ ಎರಡೂ ಅಲ್ಲೇ ಇದ್ದವು.

ಹಬ್ಬದ ದಿನ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದೆವು. ಅವ್ವ ಕೈಗೆ ಸಿಕ್ಕ ಗಂಟು ಬಿಚ್ಚಿ, ಗೋಡಂಬಿ ಕಂಡು, ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ನಾನು ಹೊಸ ಫ್ರಾಕಿನಲ್ಲಿ ಓಣಿ ದಾಟಿದೆ. ಚಾಚಿ ಚಾಕು ತಂದು ಮೊದಲ ತುಂಡನ್ನು ತಮ್ಮ ಮಾವನಿಗೆ ಕೊಟ್ಟರು. ಅವರನ್ನು ನಾವೆಲ್ಲ ದಾದಾ ಅನ್ನುತ್ತಿದ್ದೆವು. ನಸ್ರೀನ್ ಕಾಯುವ ಪೈಕಿಯಲ್ಲ, ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

"ತಿನ್‌ಬ್ಯಾಡಿ ಕಣ್ರಪ್ಪೋ! ನಿಲ್ಸಿ!"

ಅಜ್ಜಿ! ಕಾಲಿಗೆ ಚಪ್ಪಲಿಯಿಲ್ಲ, ತಲೆಯ ಸೆರಗು ಜಾರಿದೆ, ಕೈಯಲ್ಲಿ ಇನ್ನೊಂದು ಕೇಕು. ಬಾಗಿಲ ಚೌಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು.

"ಅಲ್ಲೂ ಐದು ಗೋಡಂಬಿ ಅವೆ, ಇಲ್ಲೂ ಐದು ಅವೆ. ಯಾವುದ್ರಲ್ಲಿ ರಮ್ಮು ಐತೊ ಗೊತ್ತಾಯ್ತಿಲ್ಲ ಕಣವ್ವ ಜಬೀನಾ."

ನಶ್ಯ ಏರಿಸಿ ಏರಿಸಿ ಅವಳ ಮೂಗು ಎಂದೋ ಕೆಟ್ಟಿತ್ತು. ಒಂದೇ ಟ್ರಂಕಿನಲ್ಲಿದ್ದು ಎರಡು ಕೇಕಿಗೂ ಒಂದೇ ವಾಸನೆ ಹಿಡಿದಿತ್ತು. ಆ ಗೋಡಂಬಿಗಳೇ ಗುರುತೆಂದು ನನಗೆ ಆಗ ಅರ್ಥವಾಯಿತು.

ಚಾಚಿ ನಸ್ರೀನಳ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದು ಬಾಯಿ ತೊಳೆಸಿದರು. ನಸ್ರೀನ್ ಗೊಳೋ ಎಂದು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

"ನಾನೇ ಇಟ್ಟೆ ಅಜ್ಜಿ. ಅವರ್ಗೆ ಮಾತ್ರ ಯಾಕೆ, ನಮ್ಗೂ ಇರ್ಲಿ ಅಂತ."

ಅಜ್ಜಿ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತು ದಾದಾಗೆ ಕೈಮುಗಿದಳು. "ಮಗೀಂದಲ್ಲ ಸಾಹೇಬ್ರೇ, ನಂದೇ ತಪ್ಪು. ಹೇಳ್ಕೊಡ್ದೆ ಇದ್ದೆ."

ದಾದಾ ತುಂಡನ್ನು ತಟ್ಟೆಗೆ ಮರಳಿಸಿ ತಾವೇ ಚೊಂಬಿನಲ್ಲಿ ನೀರು ತಂದುಕೊಟ್ಟರು. "ಗೊತ್ತಿಲ್ದೆ ತಿಂದಿದ್ದು ಗುನಾ ಅಲ್ಲಮ್ಮ, ಪಾಪ ಅಲ್ಲ. ಬರಿಗಾಲಲ್ಲಿ ಓಡ್ ಬಂದ್ರಲ್ಲ, ಸಾಕು ಬಿಡಿ. ಮೊದ್ಲು ನೀರು ಕುಡೀರಿ."

ಎರಡು ಕೇಕನ್ನೂ ಮನೆಗೆ ತಂದೆವು. ನಾನು ಒಂದು ಚೂರೂ ಮುಟ್ಟಲಿಲ್ಲ.

ಮರುವರ್ಷ ಅಟ್ಟದಿಂದ ಇಳಿದದ್ದು ಒಂದೇ ಜಾಡಿ. "ರಮ್ಮಿಲ್ದೆ ಅದೆಂಥ ಕೇಕವ್ವಾ?" ಎಂದು ಅಪ್ಪ ಗೊಣಗಿದ. "ಹಂಗಂದ್ರೆ ನೀನ್ ತಿನ್‌ಬ್ಯಾಡ ಬುಡು" ಎಂದಳು ಅಜ್ಜಿ. ಹಬ್ಬದ ದಿನ ತಟ್ಟೆಯನ್ನು ಅವಳೇ ಒಯ್ದಳು, ನಾನು ಸೆರಗು ಹಿಡಿದು ಹಿಂದೆ ಹೋದೆ. ಒಳಗೆ ಏನಿದೆಯೆಂದು ಈ ಸಲ ಕೇಳುತ್ತಾರೆ, ಕೇಳಲೇಬೇಕು ಎಂದುಕೊಂಡೆ. ಅಜ್ಜಿ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಜಬೀನಾ ಚಾಚಿ ಅಲ್ಲೇ ಬಾಗಿಲಲ್ಲಿ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಈ ಸಲ ಚಕ್ಕೆ ಜಾಸ್ತಿ ಆಯ್ತಲ್ಲ ಅಜ್ಜಿ?" ಎಂದರು. ಅಜ್ಜಿ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಚಾಚಿಯ ಹಿತ್ತಿಲಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದ ಒಲೆಗಳು ಆರಿ, ಅವರೆಲ್ಲ ಮೈಸೂರಿನ ಕಡೆ ಹೋದರು. ನಾನೀಗ ಕನಕಪುರದಲ್ಲಿದ್ದೇನೆ. ಕರೆಂಟಿನ ಓವನ್ ಇದೆ, ಜಾಡಿ ಒಂದೇ, ದ್ರಾಕ್ಷಿ ರಸವೇ. ತಟ್ಟೆ ಕೊಡುವಾಗ ಅಕ್ಕಪಕ್ಕದವರು ಬಾಗಿಲಲ್ಲೇ ವಿಚಾರಿಸುತ್ತಾರೆ: "ಮೊಟ್ಟೆ ಐತಾ ಮೇಡಂ? ಇನ್ನೇನಾದ್ರೂ ಹಾಕಿದ್ದೀರಾ?" ಕೇಳುವುದು ತಪ್ಪಲ್ಲ. ನಾನೂ ಒಂದೊಂದಾಗಿ ಹೇಳುತ್ತೇನೆ. ಅಷ್ಟಾದರೂ ಕೆಲವರು "ಆಮೇಲೆ ತಿಂತೀವಿ" ಎಂದು ಒಳಗಿಡುತ್ತಾರೆ. ಅವರು ತಿನ್ನುವುದಿಲ್ಲ, ನನಗೆ ಗೊತ್ತು.

ಈಗ ಗುರುತಿನ ಅಗತ್ಯವಿಲ್ಲ. ಆದರೂ ಕೇಕು ಅರ್ಧ ಬೆಂದಾಗ ಓವನ್ನಿನ ಬಾಗಿಲು ತೆರೆದು ಐದು ಗೋಡಂಬಿ ಇಡುತ್ತೇನೆ. ಅವುಗಳನ್ನು ನೋಡಿ, ಏನೂ ಕೇಳದೆ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುವವರು ಈ ಬೀದಿಯಲ್ಲಿ ಯಾರೂ ಇಲ್ಲ.