ಕ್ಷೇಮವೆಂದು ಬಂದ ಸುದ್ದಿ

ಮೊನ್ನೆ ನಾನು ಕಲಿಸುವ ಬಬಲೇಶ್ವರದ ಶಾಲೆ ಮುಗಿಸಿಕೊಂಡು ವಿಜಯಪುರಕ್ಕೆ ಬರುವಾಗ ಜೀಪಿನಲ್ಲಿ ನನ್ನ ಕಾಲ ಬಳಿ ಯಾರದೋ ಜೋಳದ ಚೀಲವಿತ್ತು. ತಳ ನೆನೆದು ಹುಳಿ ವಾಸನೆ ಹೊಡೆಯುತ್ತಿತ್ತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು, ಚೀಲ ನನ್ನದೇ ಎಂಬಂತೆ ನನ್ನನ್ನು ದುರುಗುಟ್ಟಿದಳು. ನಾನು ಮಾತ್ರ ಆ ವಾಸನೆಯನ್ನು ಎಳೆದೆಳೆದು ಕುಡಿದೆ. ಅದು ವೈನಿಯ ಅಡುಗೆಮನೆಯ ವಾಸನೆ...

ಸೊಲ್ಲಾಪುರ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಆ ಮನೆಯ ಮಗನನ್ನು ನಾನು ಚಿಕ್ಕಂದಿನಿಂದ ಅಣ್ಣ ಎನ್ನುತ್ತಿದ್ದೆ. ಒಣದ್ರಾಕ್ಷಿ ತೊಳೆದು ಆರಿಸುವ ಯಂತ್ರಗಳನ್ನು ಚೀನಾದಿಂದ ತರಿಸಿ ಟಿಕೋಟಾ ಕಡೆಯ ತೋಟದವರಿಗೆ ಜೋಡಿಸಿಕೊಡುವುದು ಅವರ ಧಂದೆ. ಒಮ್ಮೆ ಯಂತ್ರ ನೋಡಲು ಹೋದವರು, ಅಲ್ಲಿ ದುಭಾಷಿಯಾಗಿದ್ದ ಹುಡುಗಿಯನ್ನು ಮದುವೆಯಾಗಿ ಕರೆತಂದರು. ಅಣ್ಣನ ಹೆಂಡತಿ, ಹಾಗಾಗಿ ನನಗೆ ವೈನಿ. ಗಲ್ಲಿಯ ಗಂಡಸರು ಯಂತ್ರದ ಜೊತೆ ಹೆಂಡತಿ ಫ್ರೀ ಬಂದಳೇನೋ ಎಂದು ಹಲ್ಲು ಕಿಸಿದರು. ಹೆಂಗಸರು ಅವಳು ಹಾವು ತಿನ್ನುತ್ತಾಳಾ ಎಂದು ಕೇಳಿ ಕೇಳಿ ನನ್ನ ತಲೆ ತಿಂದರು. ನಮ್ಮ ಗಲ್ಲಿಯ ಬುದ್ಧಿ ಯಾವಾಗಲೂ ಅಷ್ಟೇ.

ವೈನಿ ತಿನ್ನುತ್ತಿದ್ದುದು ಜೋಳ. ಅವರ ಊರೂ ನಮ್ಮದರಂತೆ ಒಣನೆಲದ ಊರು, ಮಳೆ ಕಡಿಮೆ, ಹೊಲದ ತುಂಬ ಜೋಳ. ಅಲ್ಲಿ ಜೋಳವನ್ನು ಹುಳಿ ಬರಿಸಿ ಕಪ್ಪನೆಯ ವಿನೆಗರ್ ಇಳಿಸುತ್ತಾರೆ, ಅದಿಲ್ಲದೆ ಊಟ ಇಳಿಯುವುದಿಲ್ಲ. ವೈನಿ ಭರಣಿಯಲ್ಲಿ ಜೋಳ ಕಲಸಿಟ್ಟಾಗಲೆಲ್ಲ ಅವರ ಅತ್ತೆ ಇಲಿ ಸತ್ತಿದೆಯೆಂದು ಮಾಡು ಮೂಲೆಯೆಲ್ಲ ಹುಡುಕುತ್ತಿದ್ದರು.

ವೈನಿ ಬರೆಯುವವರು. ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ತಮ್ಮ ಲಿಪಿಯಲ್ಲಿ ಬರೆದು ತಮ್ಮ ದೇಶದ ಓದುಗರಿಗೆ ಕಳಿಸುತ್ತಿದ್ದರು. ಹೆಚ್ಚಾಗಿ ನಮ್ಮ ಗಲ್ಲಿಯ ಸುದ್ದಿಯೇ. ಆಗ ನಾನು ಬಿ.ಎ. ಓದುತ್ತಿದ್ದೆ. ಪಕ್ಕದಲ್ಲಿ ಕುಳಿತು ಪೇಪರ್ ಓದಿ ಹೇಳುವುದು ನನ್ನ ಕೆಲಸ. ಅತ್ತೆಯಿಂದ ಕಲಿತ ಕನ್ನಡದಲ್ಲಿ ಒಂದು ದಿನ ಹೇಳಿದರು, "ಎಲ್ಲಾ ಶಾಂತ ಐತಿ ಅಂತ ನಮ್ಮ ಪೇಪರ್‌ನ್ಯಾಗ ಬರದ್ರ, ಅಲ್ಲಿ ಏನೋ ಆಗೇತಿ ಅಂತ ನಾವು ತಿಳ್ಕೋತೀವಿ. ಮನಿ ಸುದ್ದೀನೂ ಹಂಗ."

ದೂರ ಇರುವವರಿಗೆ ಅವರ ಮನೆಗಳಲ್ಲಿ ದುಃಖದ ಸುದ್ದಿ ಹೇಳುವುದಿಲ್ಲವಂತೆ. ಸಣ್ಣಪುಟ್ಟದ್ದನ್ನು ಗೊಣಗಬಹುದು. ಅವರಮ್ಮ ಫೋನಿನಲ್ಲಿ ಮೊಣಕಾಲು ನೋವು, ಎಲೆಕೋಸಿನ ರೇಟು, ಮಗನ ಜಿಪುಣತನ ಎಲ್ಲವನ್ನೂ ಅರ್ಧ ಗಂಟೆ ಗೊಣಗುತ್ತಿದ್ದರು, ವೈನಿ ಖುಷಿಯಿಂದ ಕೇಳುತ್ತಿದ್ದರು. ಗೊಣಗಾಟ ಇರುವ ತನಕ ದೊಡ್ಡದೇನೂ ಆಗಿಲ್ಲ ಎಂದರ್ಥ. ನಮ್ಮ ರೂಢಿ ಬೇರೆ. ಕನಮಡಿಯಲ್ಲಿ ನಮ್ಮ ಸೋದರಮಾವ ತೀರಿಕೊಂಡಾಗ "ಸೀರಿಯಸ್ ಐತಿ, ಜಲ್ದಿ ಬರ್ರಿ" ಎಂದು ಫೋನ್ ಬಂತು. ಅಷ್ಟಕ್ಕೇ ಅವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಬದುಕಿದ್ದಾರೆ ಎಂದು ಹೇಳಿದರೂ ಯಾಕೆ ಅಳುತ್ತಾರೆಂದು ವೈನಿ ಗಾಬರಿಯಾಗಿದ್ದರು.

ಆಮೇಲೆ ಅವರ ಊರಿನ ಒಂದು ವಿನೆಗರ್ ಕಾರ್ಖಾನೆಯಲ್ಲಿ ಬಾಯ್ಲರ್ ಒಡೆದು ಜನ ಸತ್ತರು. ಅಲ್ಲಿನ ಪೇಪರಿನಲ್ಲಿ ಬಂದದ್ದು ದೊಡ್ಡ ಸಾಹೇಬರೊಬ್ಬರು ಬಂದು ಹೋದ ಫೋಟೋ ಮಾತ್ರ. ಸತ್ತವರಲ್ಲಿ ವೈನಿಯ ಜೊತೆ ಓದಿದ ಗೆಳತಿಯೂ ಇದ್ದಳು. ಅಲ್ಲಿನ ನೆರೆಯವರು ಫೋನಿನಲ್ಲಿ ಹೇಳಿದ್ದನ್ನೆಲ್ಲ ವೈನಿ ಬರೆದು ಹಾಕಿದರು. ಸಂಜೆಯೊಳಗೆ ಬರಹ ಮಾಯ, ಖಾತೆಯೂ ಬಂದ್. ಅಲ್ಲಿ ಅವರಣ್ಣನನ್ನು ಕರೆಸಿ ಕೂರಿಸಿ ವಿಚಾರಿಸಿದರು. ಅವನು ಹೆದರಿ, ಇನ್ನು ಈ ಮನೆಗೆ ಫೋನ್ ಮಾಡಬೇಡ ಎಂದ. ಅಮ್ಮ ಮಾತ್ರ ಕದ್ದುಮುಚ್ಚಿ ಇಲ್ಲಿ ನಮ್ಮ ಅಣ್ಣನ ಫೋನಿಗೆ ಆ್ಯಪಿನಲ್ಲಿ ಕರೆ ಮಾಡುತ್ತಿದ್ದರು.

ಅಷ್ಟರಲ್ಲಿ ಕೊರೊನಾ ಬಂತು. ಜಗತ್ತಿಗೆಲ್ಲ ರೋಗ ಹಂಚಿದವರು ವೈನಿಯೇ ಎಂಬಂತೆ ಗಲ್ಲಿಯವರು ಅವರ ಮನೆ ಮುಂದೆ ಹಾಯುವುದನ್ನೇ ಬಿಟ್ಟರು. ತರಕಾರಿಯವನು ಗಾಡಿ ನಿಲ್ಲಿಸುತ್ತಿರಲಿಲ್ಲ. ಗಡಿಯಲ್ಲಿ ಜಗಳವಾಗಿ ಆ ದೇಶದ ಆ್ಯಪುಗಳೂ ಇಲ್ಲಿ ಬಂದ್ ಆದವು. ಅಮ್ಮನ ಕೊನೆಯ ಕರೆಯಲ್ಲಿ ಕೆಮ್ಮು ಜೋರಾಗಿತ್ತು. ಅವರು ಇದ್ದಾರೋ ಇಲ್ಲವೋ ತಿಳಿಯಬೇಕು, ವೈನಿಗೆ ಬೇರೇನೂ ಬೇಕಿರಲಿಲ್ಲ. ದಿನಾ ಖಾಲಿ ಫೋನ್ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಅಣ್ಣ ಕೊನೆಗೆ ಆ ದೇಶದ ತಮ್ಮ ಯಂತ್ರದ ಏಜೆಂಟನಿಗೆ ಮೇಲ್ ಮಾಡಿ, ವೈನಿಯ ತವರಿಗೆ ಫೋನ್ ಮಾಡಿ ವಿಚಾರಿಸಲು ಹೇಳಿದರು. ಉತ್ತರ ಬಂತು. ಅಮ್ಮ ಆರೋಗ್ಯವಾಗಿದ್ದಾರೆ, ಚೆನ್ನಾಗಿ ಉಣ್ಣುತ್ತಾರೆ, ಯಾವ ತೊಂದರೆಯೂ ಇಲ್ಲ, ನೀವು ನಿಮ್ಮ ಸಂಸಾರ ನೋಡಿಕೊಳ್ಳಿ. ಅತ್ತೆ ಸಂತೋಷದಿಂದ ನಮ್ಮ ಮನೆಗೂ ಸಕ್ಕರೆ ತಂದರು. ವೈನಿಯ ಬಾಯಿಗೂ ಹಾಕಿದರು. ಅವರು ನುಂಗಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಸಂಜೆ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ದುಂಡಗೆ ಗೆರೆ ಎಳೆದು, ತಮ್ಮ ಊರಿನ ದಿಕ್ಕಿಗೆ ಗೆರೆಯಲ್ಲಿ ಸ್ವಲ್ಪ ತೆರಪು ಬಿಟ್ಟು, ಒಳಗೆ ಹಳದಿ ಕಾಗದ ಸುಡತೊಡಗಿದರು. ಅವರಲ್ಲಿ ಸತ್ತವರಿಗೆ ಹಾಗೆ ಮಾಡುತ್ತಾರೆ. ಅತ್ತೆ ನೋಡಿ ಒಳಗಿನಿಂದ ಓಡಿ ಬಂದರು.

"ಜೀವಂತ ಇರೋ ತಾಯಿಗೆ ತಿಥಿ ಮಾಡಾಕತ್ತಿಯೇನ ಬೇ? ಆರಾಮ್ ಅದಾಳಂತ ಸುದ್ದಿ ಬಂದೇತಲ್ಲ."

"ಅತ್ತಿ, ಮೊಣಕಾಲ್ ನೋವು ಅಂತ ಬರದಿಲ್ಲರಿ," ಎಂದರು ವೈನಿ. "ಒಂದೂ ನೋವು ಬರದಿಲ್ಲ."

ಅತ್ತೆಗೆ ತಿಳಿಯಲಿಲ್ಲ. ಅಣ್ಣನಿಗೂ ತಿಳಿಯಲಿಲ್ಲ. ಅಣ್ಣ ನೀರಿನ ಹೌದಿಗೆ ಹೋಗಿ ಬಕೆಟ್ ತುಂಬಿ ತಂದು ಬೆಂಕಿಯ ಮೇಲೆ ಸುರಿದರು. ವೈನಿ ಒದ್ದೆ ಕಾಗದಗಳನ್ನು ಮಡಿಲಿಗೆ ಹಾಕಿಕೊಂಡರು. ಅರ್ಥವಾಗಿದ್ದ ನಾನು ಕಾಂಪೌಂಡಿನ ಈಚೆ ನಿಂತು ಅಳುತ್ತಿದ್ದೆ.

ಎಷ್ಟೋ ತಿಂಗಳ ಮೇಲೆ, ಬೇರೆ ದೇಶದಲ್ಲಿದ್ದ ಅವರ ಚಿಕ್ಕಪ್ಪನ ಮಗಳೊಬ್ಬಳಿಂದ ನಿಜ ತಿಳಿಯಿತು. ಕ್ಷೇಮವೆಂಬ ಸುದ್ದಿ ಬರುವ ಮೊದಲೇ ಅಮ್ಮ ತೀರಿಹೋಗಿದ್ದರು. ಆ ಮನೆಯಲ್ಲಿ ಯಾರೂ ಬಕೆಟ್ಟಿನ ಮಾತು ಎತ್ತಲಿಲ್ಲ. ಅತ್ತೆ ಮಾತ್ರ ತಾವೇ ಜೋಳ ಹಸನು ಮಾಡಿ ನೆನೆಹಾಕಿ ಭರಣಿಯನ್ನು ಸೊಸೆಯ ಮುಂದಿಟ್ಟರು.

ವಿಮಾನ ಶುರುವಾದ ಮೇಲೆ ವೈನಿ ಹೊರಟರು. ಬರೆದದ್ದಕ್ಕೆ ಹಿಡಿದಿಟ್ಟುಕೊಂಡರೆ ಏನು ಗತಿ ಎಂದು ಅಣ್ಣ ಕೈಮುಗಿದು ಬೇಡಿಕೊಂಡರು. "ಅವ್ವನ ಗೋರಿಗೆ ಒಂದ್ ಹಿಡಿ ಮಣ್ಣ ಹಾಕಿ ಬಂದಬಿಡ್ತೀನ್ರಿ," ಎಂದರು ವೈನಿ. ಮೊದಮೊದಲು ಏಜೆಂಟನ ಫೋನಿನಿಂದ ಅಣ್ಣನಿಗೆ ವೈನಿಯ ಮೇಲ್ ಬರುತ್ತಿತ್ತು. ಚಳಿ ಹೆಚ್ಚು, ಬಸ್ಸು ಗಬ್ಬು ನಾರುತ್ತದೆ, ತವರಿನಲ್ಲಿ ಅಣ್ಣನ ಹೆಂಡತಿ ಮುಖ ಗಂಟು ಹಾಕಿಕೊಂಡಿದ್ದಾಳೆ. ಅಣ್ಣ ಓದಿ ಹೇಳಿದಾಗ ಅತ್ತೆ, ನಾನು ಎಲ್ಲರೂ ನಕ್ಕೆವು. ಆಮೇಲೆ ಒಂದು ಬಂತು. ಊರು ಬಹಳ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು, ನಾನು ಆರಾಮಾಗಿದ್ದೇನೆ, ಚಿಂತೆ ಮಾಡಬೇಡಿ. ಅದರ ಮೇಲೆ ಏನೂ ಬರಲಿಲ್ಲ. ಏಜೆಂಟ್ ಉತ್ತರ ಕೊಡುವುದನ್ನು ಬಿಟ್ಟ. ಅಣ್ಣನಿಗೆ ವೀಸಾ ಸಿಗಲಿಲ್ಲ...

ಮೊನ್ನೆ ಜೀಪಿನಿಂದ ಇಳಿದವಳು ಮನೆಗೆ ಹೋಗದೆ ಅಣ್ಣನ ವರ್ಕ್‌ಶಾಪಿಗೆ ಹೋದೆ. ತೋಟದವರೊಬ್ಬರ ಯಂತ್ರ ಬಿಚ್ಚಿಕೊಂಡು ಕುಳಿತಿದ್ದರು. ಕೂದಲೆಲ್ಲ ಬೆಳ್ಳಗಾಗಿದೆ. ನನ್ನನ್ನು ನೋಡಿದ ಕೂಡಲೇ ಗ್ರೀಸಿನ ಕೈ ಒರೆಸಿಕೊಂಡು, ನಾನು ಹೋದಾಗಲೆಲ್ಲ ತೋರಿಸುವ ಆ ಕೊನೆಯ ಮೇಲ್ ತೆಗೆದು ನನ್ನ ಮುಂದೆ ಹಿಡಿದರು. ಅದನ್ನು ಹೇಗೆ ಓದಬೇಕೆಂದು ಅವರಿಗೂ ಗೊತ್ತು, ನನಗೂ ಗೊತ್ತು.

"ಆಕೀನ ಬರದಾಳ ನೋಡವಾ. ಆರಾಮ್ ಇರ್ತಾಳಲ್ಲ?"

"ಇರ್ತಾರ ಅಣ್ಣಾ," ಎಂದೆ. "ಭಾಳ ಆರಾಮ್ ಇರ್ತಾರ."